ನಾಲ್ಕು ಅಂಗಿಯ ಕೂಸು

ನನಗೊಂದು ಚಟವಿದೆ, ಹೇಳಿಕೊಳ್ಳಲು ನಾಚಿಕೆ. ದಿನಚರಿಯ ಅಂಚಿನಲ್ಲಿ ದಿನದ ತಪ್ಪುಗಳಿಗೆ ಕೆಂಪು ಚುಕ್ಕೆ, ಒಳ್ಳೆಯ ಕೆಲಸಕ್ಕೆ ನೀಲಿ ಚುಕ್ಕೆ ಇಡುತ್ತೇನೆ. ತಪ್ಪು ದೊಡ್ಡದಾದರೆ ಚುಕ್ಕೆಯೂ ದೊಡ್ಡದು. ನರಸೀಪುರದಿಂದ ನಂಜನಗೂಡಿನ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಬಂದ ಮೇಲೆ ಕೆಂಪು ಮಸಿ ಬೇಗ ಮುಗಿಯುತ್ತಿದೆ. ಜೊತೆಯಲ್ಲಿರುವ ಅಕ್ಕಯ್ಯ ಇದನ್ನು ಮಸಿ ಮಾರುವವನ ಅದೃಷ್ಟ ಎನ್ನುತ್ತಾಳೆ.

ಹೋದ ತಿಂಗಳು ತಾಲ್ಲೂಕಿಗೆ ದೊಡ್ಡವರಾದ ಅಮಲ್ದಾರರು ನನ್ನನ್ನು ಕರೆದು, ಯಾವ ಹಳ್ಳಿಯಲ್ಲಿ ಎಷ್ಟು ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕಿಸುವುದು, ಅಂದರೆ ಲಸಿಕೆ ಚುಚ್ಚಿಸುವುದು, ಬಾಕಿ ಇದೆ ಎಂಬ ಪಟ್ಟಿ ಕೊಟ್ಟರು. "ಸೋಮವಾರ ಪಟೇಲರೆಲ್ಲ ಬರ್ತಾರೆ. ಓದು ಬಾರದವರಿಗೂ ನೋಡಿದೊಡನೆ ತಿಳಿಯೋ ಹಾಗೆ ಚಿತ್ರ ಬರೀರಿ. ತೀರಾ ಹಿಂದೆ ಬಿದ್ದವರ ಪಟೇಲಿಕೆ ಬಿಡಿಸೋದಕ್ಕೆ ಅಲ್ಲೇ ಮೇಲಿನವರಿಗೆ ಬರೆದು ಕಳಿಸ್ತೀನಿ" ಎಂದರು. ನಾನು ಊರಿಗೊಂದು ಕೂಸು ಬರೆದೆ. ಹತ್ತು ಮಕ್ಕಳು ಬಾಕಿ ಇದ್ದ ಊರಿಗೆ ಒಂದು ಗೇಣಿನ ಕೂಸು, ಇಪ್ಪತ್ತು ಬಾಕಿ ಇದ್ದ ಊರಿಗೆ ಎರಡು ಗೇಣಿನದು. ಎತ್ತರ ಹೆಚ್ಚಿಸಿದಾಗ ಪಾಪ, ಬಡಕಲಾಗಿ ಕಂಡಿತು. ಅಗಲವನ್ನೂ ಎರಡರಷ್ಟು ಮಾಡಿದೆ. ಕೆನ್ನೆ ತುಂಬಿಕೊಂಡಿತು. ಅಂದು ದಿನಚರಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ನೀಲಿ ಚುಕ್ಕೆ.

ಸೋಮವಾರ ಚಿತ್ರವನ್ನು ಗೋಡೆಗೆ ತೂಗುಹಾಕಿದ್ದೇ ತಡ, ಎಲ್ಲರ ಕಣ್ಣೂ ಆ ದೊಡ್ಡ ಕೂಸಿನ ಮೇಲೆ. "ಯಾವೂರ್ದಲಾ ಇದು? ದೇವಿ ಆಕಕ್ಕೆ ಏಣಿ ಬೇಕು!" ಎಂದರು ಹಿಂದಿನಿಂದ ಯಾರೋ. ಅಮಲ್ದಾರರು ನಗಲಿಲ್ಲ. ಅದು ಹೊಳೆದಂಡೆಯ ಊರಿನ ಪಟೇಲ್ ಮಾದಪ್ಪನವರ ಕೂಸೆಂದು ತಿಳಿದೊಡನೆ, "ಇಷ್ಟೊಂದು ಬಾಕಿಯೇನ್ರೀ? ತಾತನ ಕಾಲದ ಪಟೇಲಿಕೆ ಸಾಕಾಯಿತೋ?" ಎಂದು ಲೇಖನಿ ಎತ್ತಿಕೊಂಡರು.

ಮಾದಪ್ಪನವರು ಗೋಡೆಯ ಹತ್ತಿರ ಬಂದು ತಮ್ಮೂರ ಕೂಸಿಗೂ ಪಕ್ಕದ ಒಂದು ಗೇಣಿನ ಕೂಸಿಗೂ ಗೇಣು ಹಾಕಿ ಅಳೆದರು. ಮನೆ ತುಂಬ ಮೊಮ್ಮಕ್ಕಳಿರುವವರು; ಬಟ್ಟೆ ಹರಿಸುವ ಲೆಕ್ಕ ಬಲ್ಲವರು.

"ಬುದ್ಧಿ, ಈ ಸಣ್ ಕೂಸ್ಗೆ ಒಂದಂಗಿ ಬಟ್ಟೆ ಸಾಕು ಅನ್ನಿ. ನಮ್ಮೂರ್ ಕೂಸ್ಗೆ ಎಷ್ಟು ಬೇಕು?"

"ಎರಡು" ಎಂದೆ ನಾನು. ನನ್ನನ್ನು ಯಾರೂ ಕೇಳಿರಲಿಲ್ಲ.

"ಉದ್ದಕ್ಕೆರಡು, ಅಗಲಕ್ಕೆರಡು. ನಾಕಾಯ್ತದೆ ಕಣಪ್ಪಾ! ಬಾಕಿ ಎರಡರಷ್ಟು ಅದೆ, ಒಪ್ಕೋತೀನಿ. ನಾಕರಷ್ಟು ಯಾಕ್ ನನ್ ತಲೆಗ್ ಕಟ್ತೀಯೆ?"

ಅಮಲ್ದಾರರು ಲೇಖನಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ನಾನೇ ಅರ್ಧ ಗೇಣಾದೆ. "ಒಂದು ಬಾಕಿಗೆ ಒಂದು ಕೂಸು. ಎಲ್ಲಾ ಒಂದೇ ಅಳತೆ. ಈಗಲೇ ಬರೀರಿ."

ಪಟೇಲರೆಲ್ಲ ಕಾದು ಕುಳಿತಂತೆಯೇ ಹೆಬ್ಬೆರಳುದ್ದದ ಕೂಸುಗಳನ್ನು ಸಾಲಾಗಿ ಬರೆದೆ. ಕೆನ್ನೆ ತುಂಬಿಸಲು ಪುರುಸೊತ್ತಿರಲಿಲ್ಲ. ಮಾದಪ್ಪನವರು ತಮ್ಮೂರ ಸಾಲಿನ ಮೇಲೆ ಬೆರಳಿಟ್ಟು, "ಇದು ಕೆಂಪಿ ಮಗ, ಇದು ನಿಂಗಿ ಮಗಳು..." ಎಂದು ಇಪ್ಪತ್ತಕ್ಕೂ ಹೆಸರು ಹೇಳಿದರು. "ಬರೋ ಸ್ವಾಮಾರದೊಳಗೆ ಆಕಿಸ್ತೀನಿ ಬುದ್ಧಿ" ಎಂದರು, ಹಾಗೆಯೇ ಹಾಕಿಸಿದರು. ಪಟೇಲಿಕೆ ಉಳಿಯಿತು.

ಚಿತ್ರ ತೂಗುಹಾಕಿದ ದಿನವೇ ಸಂಜೆ ದಿನಚರಿ ತೆರೆದು, ಚೆನ್ನಾಗಿ ಯೋಚಿಸಿ, ರಾಗಿಕಾಳಿನಷ್ಟು ಕೆಂಪು ಚುಕ್ಕೆ ಇಟ್ಟೆ. ಕಚೇರಿಯ ಕಥೆಯನ್ನು ಆಗಲೇ ನನ್ನಿಂದ ಕೇಳಿದ್ದ ಅಕ್ಕಯ್ಯ ಬಗ್ಗಿ ನೋಡಿದಳು. "ಮೊನ್ನೆ ಮಸಿ ಚೆಲ್ಲಿದ್ದಕ್ಕೂ ಇಷ್ಟೇ, ಒಬ್ಬರ ಮನೆ ಕೆಡಿಸೋಕೆ ಹೋಗಿದ್ದಕ್ಕೂ ಇಷ್ಟೇ ಏನೋ?"

"ಒಂದು ತಪ್ಪಿಗೆ ಒಂದು ಚುಕ್ಕೆ ಅಕ್ಕಯ್ಯ, ಎಲ್ಲಾ ಒಂದೇ ಅಳತೆ. ಅಮಲ್ದಾರರ ಹುಕುಂ" ಎಂದೆ.

ಹುಣಸೆಬೀಜದಷ್ಟಿದ್ದ ಆ ನೀಲಿ ಚುಕ್ಕೆಯನ್ನೂ ಸಣ್ಣದು ಮಾಡಬೇಕಿತ್ತು. ಏನು ಮಾಡಲಿ, ಮಸಿ ಆಗಲೇ ಒಣಗಿಹೋಗಿತ್ತು.