ಕಣ್ಣಿಗೊತ್ತಿಕೊಳ್ಳುವ ಹುಡುಗರು

ಒಳ್ಳೆಯ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೀಗೆ ಬರೆದರೆ ಓದುವವರು ನನ್ನನ್ನು ಎಂಥ ಮನುಷ್ಯ ಎಂದುಕೊಳ್ಳುತ್ತಾರೋ ನನಗೆ ಗೊತ್ತು. ಎಂದುಕೊಳ್ಳಲಿ. ಎದುರು ಬಂದವರಿಗೆ ದಾರಿ ಬಿಡುವ, ಹಿರಿಯರ ಮುಂದೆ ದನಿ ಎತ್ತದ, ಪಕ್ಕದವರಿಗೆ ಜಾಗ ಕೊಟ್ಟು ತಾವು ಬೆಂಚಿನ ತುದಿಯಲ್ಲಿ ಕೂರುವ ಹುಡುಗರು ಮದುವೆಮನೆಗೆ ಲಕ್ಷಣ. ಸಿಟಿ ಬಸ್ಸಿನಲ್ಲೂ ಅವರಿಂದ ಉಪಕಾರವೇ. ಆದರೆ ಅಂಥ ಒಂಬತ್ತು ಹುಡುಗರನ್ನು ಕಟ್ಟಿಕೊಂಡು, ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಎದುರಾಳಿಯನ್ನು ತಡೆಯುವುದು ಹೇಗೆ ಎಂದು ಒಂದು ವರ್ಷ ಪಾಠ ಹೇಳಿ ನೋಡಿ. ಆಮೇಲೆ ಬಂದು ನನ್ನ ಹತ್ತಿರ ಸದ್ಗುಣಗಳ ವಿಚಾರ ಮಾತಾಡಿ.

ಅರವತ್ತನೇ ಇಸವಿ ಆಗತಾನೆ ದಾಟಿತ್ತು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಕಾಲೇಜಿನಲ್ಲಿದ್ದಾಗ ನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದ್ದೆ. ಚೆನ್ನಾಗಿ ಆಡುತ್ತಿದ್ದೆ ಎಂದು ಸಾಕ್ಷಿ ಹೇಳಬಲ್ಲವರು ಯಾರೂ ಈ ಊರಿನಲ್ಲಿಲ್ಲ, ಆದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ನಮ್ಮ ಬಡಾವಣೆಯ ಸಂಘದವರು ಪಾರ್ಕಿಗೆಂದು ಬಿಟ್ಟಿದ್ದ ಜಾಗದ ಒಂದು ಮೂಲೆಯನ್ನು ನನಗೆ ಕೊಟ್ಟರು. ನಾನೂ ಹುಡುಗರೂ ಸೇರಿ ಕಲ್ಲು ಆರಿಸಿ, ಕೆಮ್ಮಣ್ಣು ಹರಡಿ, ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಬುಟ್ಟಿಯ ಕಂಬ ನೆಟ್ಟು ಕೋರ್ಟು ಮಾಡಿದೆವು. ಎರಡು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ನನ್ನ ಹೆಂಡತಿ, "ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ನೆಡಿ ಅಂದ್ರೆ ಸೊಂಟ ನೋವು ಅಂತೀರಿ. ಅಲ್ಲಿ ರೋಲರ್ ಎಳೆಯೋವಾಗ ಆ ಸೊಂಟ ಎಲ್ಲಿಗೆ ಹೋಗಿರುತ್ತೆ?" ಎಂದಳು. ಉತ್ತರವಿಲ್ಲದಾಗ ನನಗೆ ಕೋಪ ಬರುತ್ತದೆ. ಊಟ ಬಿಟ್ಟು ಎದ್ದೆ, ಆಮೇಲೆ ಹಸಿವಾಗಿ ನಾನೇ ಬಡಿಸಿಕೊಂಡು ತಿಂದೆ.

ಸಂಘದ ಅಧ್ಯಕ್ಷರು ನಂಜುಂಡಯ್ಯನವರು, ಕಂದಾಯ ಇಲಾಖೆಯ ನಿವೃತ್ತ ಶೇಕ್‌ದಾರರು. ಅವರಿಗೆ ಬಾಲ್ ಬ್ಯಾಡ್ಮಿಂಟನ್ ಒಂದನ್ನು ಬಿಟ್ಟು ಬೇರೆ ಯಾವುದೂ ಆಟವೆಂದೇ ಅನ್ನಿಸುತ್ತಿರಲಿಲ್ಲ. ಕೋರ್ಟು ಸಿದ್ಧವಾದ ದಿನ ಬಂದು, ಕೊಡೆಯ ತುದಿಯಿಂದ ನೆಲ ಕುಟ್ಟಿ ನೋಡಿ, "ಮಣ್ಣು ಚೆನ್ನಾಗಿ ಕೂತಿದೆ ಮೇಷ್ಟ್ರೇ. ಬ್ಯಾಡ್ಮಿಂಟನ್‌ಗೆ ಹೇಳಿ ಮಾಡಿಸಿದ ಹಾಗಿದೆ" ಎಂದರು. ಆಮೇಲೆ ತಮ್ಮ ತೀರ್ಪು ಕೊಟ್ಟರು. "ಒಂದು ವರ್ಷ ನೋಡೋಣ. ಅಷ್ಟರೊಳಗೆ ನಿಮ್ಮ ಹುಡುಗರು ಹೊರಗಿನ ತಂಡದ ಮೇಲೆ ಒಂದೇ ಒಂದು ಮ್ಯಾಚ್ ಗೆಲ್ಲಲಿ, ಜಾಗ ನಿಮ್ದೇ. ಇಲ್ದಿದ್ರೆ ನಿಮ್ಮ ಕಂಬ ಕಿತ್ತು ನಾವು ಬಲೆ ಕಟ್ತೀವಿ. ನಮ್ಮಂಥ ದೊಡ್ಡೋರೂ ನಾಕು ಜನ ಆಡ್ಬೋದು." ನನ್ನ ಬೆವರಿನಿಂದ ಕೂತ ಮಣ್ಣಿನ ಮೇಲೆ ಈ ದೊಡ್ಡವರು ಪಂಚೆ ಎತ್ತಿಕಟ್ಟಿ ಕುಣಿಯುವುದನ್ನು ಕಲ್ಪಿಸಿಕೊಂಡೇ ನನಗೆ ತಲೆ ಸುತ್ತಿತು.

ಬುಟ್ಟಿಗೆ ಚೆಂಡು ಹಾಕುವುದನ್ನು ಎಲ್ಲರೂ ತಾವಾಗಿಯೇ ಕಲಿಯುತ್ತಾರೆ, ಏಕೆಂದರೆ ಅದನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ. ತಡೆಯುವುದನ್ನು ಕಲಿಸಬೇಕು. ಮಂಡಿ ಬಗ್ಗಿಸಿ, ಕೈ ಚಾಚಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಯದ ಹಾಗೆ ಪಕ್ಕಕ್ಕೆ ಸರಿಯುತ್ತಾ, ಎದುರಾಳಿಯ ಮುಖ ನೋಡದೆ ಸೊಂಟ ನೋಡುತ್ತಾ ಅವನ ಮುಂದೆಯೇ ಇರಬೇಕು. ಮುಖ ಸುಳ್ಳು ಹೇಳಬಹುದು, ಸೊಂಟಕ್ಕೆ ಅದು ಬರುವುದಿಲ್ಲ. ಇದನ್ನೆಲ್ಲ ಹುಡುಗರು ಎಷ್ಟು ಶ್ರದ್ಧೆಯಿಂದ ಕಲಿತರೆಂದರೆ, ಹಾಲಿನ ಕ್ಯೂನಲ್ಲೂ ಮಗ ಮಂಡಿ ಬಗ್ಗಿಸಿಯೇ ನಿಲ್ಲುತ್ತಾನೆಂದು ಒಬ್ಬನ ತಾಯಿ ದೂರು ತಂದರು. ಮೊದಲ ತಿಂಗಳು ನನಗೆ ಬೈಯಲು ಏನೂ ಸಿಗಲಿಲ್ಲ.

ಎರಡನೆಯ ತಿಂಗಳು ಸಿದ್ದಾಪುರದ ಹುಡುಗರ ಜೊತೆ ಮ್ಯಾಚ್ ಇಟ್ಟುಕೊಂಡೆವು. ನನ್ನ ತಂಡದಲ್ಲಿ ಶೀನು ಎಂಬ ಹದಿನಾಲ್ಕರ ಹುಡುಗ ಎಲ್ಲರಿಗಿಂತ ಚುರುಕು. ಅವನು ಎದುರಾಳಿಗೆ ಅಂಟಿಕೊಂಡ ಹಾಗೆ ಸರಿಯುತ್ತಿದ್ದ. ನಾನು ಮನಸ್ಸಿನಲ್ಲೇ ಬೆನ್ನು ತಟ್ಟುತ್ತಿದ್ದೆ. ಅಷ್ಟರಲ್ಲಿ ಇಬ್ಬರ ಕಾಲೂ ತಾಗಿದವು. ಶೀನು ಗಕ್ಕನೆ ನಿಂತ. ಬಗ್ಗಿ, ಆ ಹುಡುಗನ ಮೊಣಕಾಲು ಮುಟ್ಟಿ, ಕೈ ಎರಡೂ ಕಣ್ಣಿಗೊತ್ತಿಕೊಂಡ. ಆ ಹುಡುಗ ಹೋಗಿ ಚೆಂಡನ್ನು ಬುಟ್ಟಿಗೆ ಹಾಕಿ ಬಂದ. ಶೀನುವೊಬ್ಬನೇ ಅಲ್ಲ. ಒಂಬತ್ತು ಮಂದಿಗೂ ಅದೇ ರೋಗ. ಇನ್ನೊಬ್ಬನಂತೂ ಚೆಂಡು ಕಿತ್ತುಕೊಂಡ ಮೇಲೆ ಕಾಲು ತಾಗಿದ್ದು ನೆನಪಾಗಿ, ಕೈ ಖಾಲಿ ಇಲ್ಲದ್ದರಿಂದ, "ಒಂದ್ನಿಮಿಷ ಹಿಡ್ಕೊಳೋ" ಎಂದು ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟು ಬಗ್ಗಿದ. ನಂಜುಂಡಯ್ಯನವರು ಮಡಚುವ ಕುರ್ಚಿಯಲ್ಲಿ ಕೂತು, "ಎಂಥ ಸಂಸ್ಕಾರವಂತ ಹುಡುಗ್ರು!" ಎಂದು ಸಂತೋಷಪಟ್ಟರು.

ನಾನು ಕೂಗಾಡಿದೆ. "ಯಾಕೋ ನಿಂತೆ?" ಎಂದರೆ, "ಕಾಲು ತಗುಲ್ತು ಸಾರ್." "ತಗುಲ್ಲಿ! ಆಟ ಕಣೋ ಇದು!" "ಆಟ ಆದ್ರೂ ಕಾಲು ಕಾಲೇ ಅಲ್ವಾ ಸಾರ್?" ಇದಕ್ಕೇನು ಹೇಳುತ್ತೀರಿ? ಇನ್ನು ಮೇಲೆ ಕಣ್ಣಿಗೊತ್ತಿಕೊಂಡವನು ಕೋರ್ಟಿನ ಸುತ್ತ ಹತ್ತು ಸುತ್ತು ಓಡಬೇಕು ಎಂದು ಶಿಕ್ಷೆ ಮಾಡಿದೆ. ಅವರು ಸಂತೋಷವಾಗಿ ಒತ್ತಿಕೊಂಡು ಸಂತೋಷವಾಗಿ ಓಡಿದರು, ಪಾಪವೂ ಹೋಯಿತು, ಶಿಕ್ಷೆಯೂ ಮುಗಿಯಿತು ಎಂಬಂತೆ. ಗಂಟಲು ಕಟ್ಟಿದ್ದು ನನಗೆ. ಕಚೇರಿಯಲ್ಲಿ ಸಾಹೇಬರ ಮುಂದೆ ದನಿ ಹೊರಡದೆ ಎರಡು ದಿನ ಚೀಟಿ ಬರೆದು ತೋರಿಸಿದೆ. ಹತ್ತು ತಿಂಗಳಲ್ಲಿ ಏಳು ಮ್ಯಾಚ್ ಸೋತೆವು. ಏಳನೆಯದು ಮುಗಿದ ಮೇಲೆ ನಂಜುಂಡಯ್ಯನವರು ಬಲೆ ಕಟ್ಟಲು ಎಷ್ಟು ಅಗಲ ಬೇಕೆಂದು ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಅವರ ಒಂದೊಂದು ಹೆಜ್ಜೆಯೂ ನನ್ನ ಎದೆಯ ಮೇಲೆ ಬಿದ್ದ ಹಾಗಾಯಿತು. ಕೋರ್ಟು ಹೋದರೆ ಸಂಜೆ ಐದೂವರೆಯ ಮೇಲೆ ನನ್ನನ್ನು "ಸಾರ್" ಎನ್ನುವವರು ಈ ಭೂಮಿಯ ಮೇಲೆ ಯಾರೂ ಉಳಿಯುತ್ತಿರಲಿಲ್ಲ.

ಆ ಸಿಟ್ಟಿನಲ್ಲೇ ಸೈಕಲ್ ಹತ್ತಿ ಶೀನುವಿನ ಮನೆಗೆ ಹೋದೆ. ಅವನ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಬನ್ನಿ ಮೇಷ್ಟ್ರೇ. ಹುಡುಗ ಏನಾದ್ರೂ ತಪ್ಪು ಮಾಡಿದ್ನೇ?"

"ಮಾಡ್ತಿಲ್ಲ ಅಮ್ಮ, ಅದೇ ತೊಂದರೆ" ಎಂದು ಎಲ್ಲ ಹೇಳಿದೆ.

ಅಜ್ಜಿ ಕೈ ನಿಲ್ಲಿಸದೆ ಕೇಳಿದರು. "ಅಷ್ಟಕ್ಕೆ ಇಷ್ಟು ಕೋಪವೇ? ಬೆಳಗ್ಗೆ ಎದ್ದು ಕಾಲು ಊರೋಕ್ ಮುಂಚೆ, ನಿನ್ನನ್ನ ತುಳೀತೀನಿ ಕ್ಷಮಿಸಮ್ಮಾ ಅಂತ ಭೂಮಿ ಮುಟ್ಟಿ ಹೇಳ್ಕೋತೀವಲ್ಲ. ಆಮೇಲೆ ದಿನವೆಲ್ಲ ತುಳೀತಾನೇ ಇರ್ತೀವಿ. ಒಂದೊಂದು ಹೆಜ್ಜೆಗೂ ಬಗ್ತೀವಾ? ಹಾಗೇ ಇವ್ರೂ ಆಟಕ್ ಮುಂಚೇನೇ ಒಂದ್ಸಲ ಮುಗಿಸ್ಕೊಂಡ್ಬಿಡ್ಲಿ. ಕೂತ್ಕೊಳ್ಳಿ, ಕಾಫಿ ಕುಡೀರಿ."

ಹತ್ತು ತಿಂಗಳು ಗಂಟಲು ಹರಿದುಕೊಂಡ ನನಗೆ ಹೊಳೆಯದ್ದು, ಅವರೆಕಾಯಿಯಿಂದ ಕಣ್ಣು ಕೂಡ ಎತ್ತದ ಮುದುಕಿಗೆ ಹೊಳೆದಿತ್ತು. ನನಗೆ ಸಂತೋಷವಾಗಬೇಕಿತ್ತು. ಆದದ್ದು ಕೋಪ. ಕಾಫಿ ಮಾತ್ರ ಕುಡಿದೆ, ತುಂಬ ಚೆನ್ನಾಗಿತ್ತು.

ವರ್ಷದ ಕೊನೆಯ ಮ್ಯಾಚ್ ಬಸವನಗುಡಿ ಕಡೆಯ ಒಂದು ತಂಡದ ಮೇಲೆ. ಬಡಾವಣೆಯ ಅರ್ಧ ಜನ ಸೇರಿದ್ದರು. ನಂಜುಂಡಯ್ಯನವರ ಕುರ್ಚಿಯ ಪಕ್ಕದಲ್ಲಿ ಹೊಸ ಬಲೆ ಸುತ್ತಿ ಇಟ್ಟಿತ್ತು, ನನ್ನ ಕಣ್ಣಿಗೆ ಬೀಳಲೆಂದೇ. ನಾನು ಹುಡುಗರನ್ನು ಕರೆದು, "ನೋಡ್ರೋ, ಅಲ್ಲಿ ನಿಂತಿದ್ದಾರಲ್ಲ ಐದು ಜನ, ಆಟ ಶುರುವಾಗೋಕ್ ಮುಂಚೆ ಅವರಲ್ಲಿ ಒಬ್ಬೊಬ್ಬರಿಗೂ ಮುಟ್ಟಿ ನಮಸ್ಕಾರ ಮಾಡಿ ಬನ್ನಿ. ಆಮೇಲೆ ಕಾಲು ತಗುಲಿದ್ರೆ ನಿಲ್ಲಬಾರದು" ಎಂದೆ. ಒಂಬತ್ತು ಹುಡುಗರೂ ಸಾಲಾಗಿ ಹೋಗಿ, "ಆಟದಲ್ಲಿ ಕಾಲು ತಗುಲಿದ್ರೆ ತಪ್ಪು ತಿಳ್ಕೋಬೇಡಪ್ಪಾ" ಎಂದು ಐವರನ್ನೂ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಹುಡುಗರು ಕಕ್ಕಾಬಿಕ್ಕಿಯಾದರು. ಒಬ್ಬನಂತೂ ಆಶೀರ್ವಾದ ಮಾಡುವವನ ಹಾಗೆ ಕೈ ಎತ್ತಿದ. ರೆಫರಿ ಪೀಪಿ ಬಾಯಲ್ಲಿಟ್ಟುಕೊಂಡು ಐದು ನಿಮಿಷ ಕಾದ.

ಆಮೇಲೆ ನೋಡಬೇಕಿತ್ತು ನನ್ನ ಹುಡುಗರನ್ನು. ಕಾಲು ತಾಗಿತು, ಮಂಡಿ ತಾಗಿತು, ಒಬ್ಬನೂ ನಿಲ್ಲಲಿಲ್ಲ. ಎದುರಾಳಿ ಎಲ್ಲಿ ತಿರುಗಿದರೂ ಮುಂದೆ ಒಬ್ಬ ಕೈ ಚಾಚಿ ನಿಂತಿರುತ್ತಿದ್ದ. ನಂಜುಂಡಯ್ಯನವರು ಬಲೆಯನ್ನು ಕುರ್ಚಿಯ ಕೆಳಗೆ ತಳ್ಳಿದ್ದನ್ನು ನಾನು ಕಣ್ಣಾರೆ ಕಂಡೆ. ಕೊನೆಯ ಒಂದು ನಿಮಿಷ, ನಾವು ಒಂದು ಪಾಯಿಂಟು ಮುಂದೆ. ಜೀವಮಾನದಲ್ಲಿ ಮೊದಲ ಸಲ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಆಗ ಎದುರು ತಂಡದ ಒಬ್ಬನಿಗೆ ಪಾದ ಉಳುಕಿತು. ಅವನನ್ನು ಹೊರಗೆ ಕೂರಿಸಿ, ಅಲ್ಲಿಯವರೆಗೆ ಬೆಂಚಿನ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದ ಒಬ್ಬ ಸಣಕಲ ಹುಡುಗನನ್ನು ಒಳಗೆ ಕಳಿಸಿದರು. ಚೆಂಡು ನೇರ ಅವನ ಕೈಗೇ ಹೋಯಿತು. ಶೀನು ಅವನ ಮುಂದೆ ನಿಂತ, ಸರಿದ, ಮತ್ತೆ ಸರಿದ. ಕಾಲು ತಾಗಿತು. ಶೀನು ನಿಂತ. ಬಗ್ಗಿದ. ಸಣಕಲ ಹುಡುಗ ಯಾವ ಅವಸರವೂ ಇಲ್ಲದೆ ಹೋಗಿ ಚೆಂಡನ್ನು ಬುಟ್ಟಿಗೆ ಹಾಕಿದ. ಅಲ್ಲಿಗೆ ಪೀಪಿ ಕೂಗಿತು, ಒಂದು ಪಾಯಿಂಟಿನಿಂದ ಸೋತೆವು.

ನಾನು ಕೈ ಎತ್ತಿಕೊಂಡೇ ಓಡಿದೆ. ಆ ದಿನ ಶೀನುವಿನ ಕೆನ್ನೆಗೆ ಒಂದು ಬೀಳುವುದೇ ಇತ್ತು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ: "ಸಾರ್, ಇವನಿಗೆ ಮೊದಲೇ ಮಾಡಿರ್ಲಿಲ್ಲ. ನೀವು ಅಲ್ಲಿ ನಿಂತಿದ್ದ ಐದು ಜನಕ್ಕೆ ಮಾತ್ರ ಹೇಳಿದ್ರಿ." ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡೆ. ಎದುರಾಳಿಯ ಮೇಲೆ ಕಣ್ಣಿಡಿ, ಕಣ್ಣಿಡಿ ಎಂದು ವರ್ಷವೆಲ್ಲ ಅರಚಿದವನು ಅವರ ಬೆಂಚಿನ ಕಡೆ ಒಮ್ಮೆ ತಿರುಗಿಯೂ ನೋಡಿರಲಿಲ್ಲ. ಶೀನು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದ. ಒಳ್ಳೆಯ ಹುಡುಗ ಎಂದೆನಲ್ಲ.

ಮರುದಿನವೇ ಕಂಬಗಳನ್ನು ಕಿತ್ತರು. "ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ನಡುವೆ ಬಲೆ ಇದ್ರೆ ಯಾರ ಕಾಲೂ ಯಾರಿಗೂ ತಗುಲಲ್ಲ. ನಮ್ಮ ಜನಕ್ಕೆ ಅದೇ ಕ್ಷೇಮ" ಎಂದರು ನಂಜುಂಡಯ್ಯನವರು. ನಾನು ಒಂದು ತಿಂಗಳು ಆ ಬೀದಿಯಲ್ಲೇ ನಡೆಯಲಿಲ್ಲ, ಸುತ್ತು ಬಳಸಿ ಮನೆಗೆ ಹೋದೆ. ಆಮೇಲೆ ಒಂದು ಸಂಜೆ ಅವರೇ ಬಾಗಿಲಿಗೆ ಬಂದು, ಆಟಕ್ಕೆ ಒಬ್ಬರು ಕಡಿಮೆ ಬಿದ್ದಿದ್ದಾರೆ ಎಂದು ಕರೆದರು. ಬೈದು ಕಳಿಸಬೇಕೆಂದೇ ಎದ್ದೆ. ಹೇಗೋ ಕೈಗೆ ಬ್ಯಾಟು ಬಂದಿತ್ತು.

ಈಗ ಶೀನು ಮತ್ತು ಅವನ ಗೆಳೆಯರು ಗೆರೆಯಾಚೆ ನಿಂತು ನಮಗೆ ಚೆಂಡು ಹೆಕ್ಕಿಕೊಡುತ್ತಾರೆ, "ಸಾರ್" ಎಂದೇ ಕೊಡುತ್ತಾರೆ. ನನ್ನ ಕೋರ್ಟನ್ನು ಕಸಿದುಕೊಂಡ ಆ ಮನುಷ್ಯನಿಗೆ ಇವತ್ತು ಮುಖದ ಮೇಲೆ ಹೊಡೆದ ಹಾಗೆ ನಾಲ್ಕು ಮಾತು ಅಂದೇ ತೀರಬೇಕೆಂದು ಪ್ರತಿ ಸಂಜೆಯೂ ಮನೆಯಿಂದ ಸಿದ್ಧನಾಗಿಯೇ ಹೊರಡುತ್ತೇನೆ. ತೊಂದರೆ ಏನೆಂದರೆ, ನಂಜುಂಡಯ್ಯನವರು ಇರುವುದು ನನ್ನ ಪಕ್ಷದಲ್ಲಿ, ಮತ್ತು ನಾವಿಬ್ಬರೂ ಸೇರಿದ ಮೇಲೆ ಇನ್ನೂ ಒಂದು ಆಟವನ್ನೂ ಸೋತಿಲ್ಲ.