ತಳ ತೂತಾದ ಗ್ರಿಲ್

ಇದ್ದಿಲು ಹಾಕಿ ಸುಡುವ ಹಳೇ ಗ್ರಿಲ್ಲಿನ ತಳದಲ್ಲಿ ಒಂದು ತೂತಿತ್ತು. ಹೆಬ್ಬೆರಳು ಸಲೀಸಾಗಿ ತೂರುವಷ್ಟು ದೊಡ್ಡದು. ಭಾನುವಾರ ಬೆಳಿಗ್ಗೆ ಅದನ್ನು ಅಂಗಳದಲ್ಲಿ ಮಗುಚಿ ಹಾಕಿದ ಕನ್ನಡಕದವರು ಹೆಬ್ಬೆರಳು ತೂರಿಸಿ ನೋಡುತ್ತಿದ್ದಾಗಲೇ ಹೆಂಡತಿ ಬಾಗಿಲಿಗೆ ಬಂದು ನಿಂತರು.

"ಒಂದು ಕಾಲು ಗಿಡ್ಡ, ಮುಚ್ಚಳ ಸರಿಯಾಗಿ ಕೂರಲ್ಲ. ಈಗ ತಳಾನೂ ಇಲ್ಲ," ಎಂದರು ಆಕೆ, ಗದರದೆ, ಸಾಮಾನಿನ ಪಟ್ಟಿ ಓದುವವರಂತೆ. "ಸಂಜೆ ಐದಕ್ಕೆ ಗುಜರಿಯವನಿಗೆ ಬರೋಕೆ ಹೇಳಿದೀನಿ. ಅಷ್ಟರೊಳಗೆ ಇದು ಒಲೆ ಅಂತ ತೋರಿಸಿ, ಇರಲಿ. ಇಲ್ದಿದ್ರೆ ಹಳೇ ಪೇಪರ್ ಜೊತೆ ಇದೂ ಹೋಗ್ಲಿ."

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವುದರಿಂದ ಬೀದಿಗೆಲ್ಲ ಅವರು ಕನ್ನಡಕದವರು. ಇಪ್ಪತ್ತೆರಡು ವರ್ಷದಿಂದ ಕಂಡವರ ಮೂಗಿನ ಮೇಲೆ ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತೋ, ಅದೋ?" ಎಂದು ಕೇಳಿ ಕೇಳಿ, ತಮ್ಮ ಸ್ವಂತ ವಿಷಯ ಬಂದರೆ ಎರಡೂ ಒಂದೇ ಥರ ಕಾಣುವ ಸ್ಥಿತಿಗೆ ಬಂದಿದ್ದರು. ಈ ಗ್ರಿಲ್ ವಿಷಯದಲ್ಲಿ ಮಾತ್ರ ಹಾಗಾಗಿರಲಿಲ್ಲ. ಮನೆ ಖಾಲಿ ಮಾಡುತ್ತಿದ್ದ ಯಾರಿಂದಲೋ ಕೊಂಡು, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರು.

ಕಾರಣ ಅವರು ಯಾರಿಗೂ ಹೇಳಿರಲಿಲ್ಲ. ಮನೆಯ ಅಡುಗೆಮನೆ ಹೆಂಡತಿಯದು ಮತ್ತು ಅತ್ತೆಯದು. ಮದುವೆಯಾದ ಹೊಸದರಲ್ಲಿ ಒಮ್ಮೆ ಹಾಲು ನೋಡಿಕೊಳ್ಳಿ ಎಂದದ್ದಕ್ಕೆ ಅವರು ನಿಜವಾಗಿ ಹಾಲನ್ನೇ ನೋಡುತ್ತ ನಿಂತಿದ್ದರು. ಅದು ಉಕ್ಕಿ, ಒಲೆ ಆರಿ, ನೆಲಕ್ಕಿಳಿಯುವವರೆಗೂ ನೋಡಿದ್ದರು. ಅಂದಿನಿಂದ ಬಾಯಾರಿಕೆ ಎಂದರೂ ನೀರು ಹೊಸ್ತಿಲು ದಾಟಿ ಅವರಿದ್ದಲ್ಲಿಗೇ ಬರುತ್ತಿತ್ತು. ತಮ್ಮ ಕೈಯಾರೆ ಏನಾದರೊಂದು ಬೇಯಿಸಿ ಮನೆಯವರಿಗೆ ಬಡಿಸಬೇಕು ಎನ್ನುವುದು ಅವರ ಆಸೆ. ಒಳಗೆ ಸಿಗದ ಬೆಂಕಿ ಅಂಗಳದಲ್ಲಾದರೂ ಸಿಗಲಿ.

ಎರಡು ಗಂಟೆ ತಿಕ್ಕಿದರು. ಮಸಿಯ ಕೆಳಗಿನಿಂದ ನೀಲಿಗಪ್ಪು ಕಬ್ಬಿಣ ನಿಧಾನವಾಗಿ ಮೇಲೆದ್ದಿತು. ಮುಚ್ಚಳದ ಮರದ ಹಿಡಿ ಯಾರದೋ ಎಷ್ಟೋ ವರ್ಷದ ಹಿಡಿತಕ್ಕೆ ನಡುವೆ ಸವೆದು, ಅಂಗೈಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಅವರು ಅದನ್ನು ಸುಮ್ಮನೆ ನಾಲ್ಕು ಸಲ ಎತ್ತಿ ಇಳಿಸಿದರು.

ಅತ್ತೆ ಹೊರಗೆ ಬಂದವರು, ಮಡಕೆ ಕೊಳ್ಳುವವರ ಹಾಗೆ ಗ್ರಿಲ್ಲಿಗೆ ಬೆರಳ ಗೆಣ್ಣಿನಿಂದ ಬಡಿದರು. ಠಣ್ ಎಂದಿತು.

"ಇದು ಕಬ್ಬಿಣ," ಎಂದರು ಅತ್ತೆ. "ಈಗಿನವು ಡಬ್ಬದ ತಗಡು."

"ಅಮ್ಮಾ, ನೀನು ಯಾರ ಕಡೆ?" ಎಂದು ಹೆಂಡತಿ ಒಳಗಿನಿಂದ ಕೇಳಿದರು.

"ಕಬ್ಬಿಣದ ಕಡೆ."

ಆ ಠಣ್ ಎದುರುಮನೆಯ ವೆಲ್ಡಿಂಗಿನವನ ಕಿವಿಗೂ ಬಿತ್ತು. ರಜೆಯ ದಿನ ಕೈ ಕಡಿಯುತ್ತಿದ್ದ ಆತ ಬನಿಯನ್ನಿನಲ್ಲೇ ದಾಟಿ ಬಂದ. ತೂತನ್ನು ನೋಡಿದವನೇ ಯಾರೋ ತನ್ನನ್ನೇ ಬೈದಂತೆ ಮುಖ ಮಾಡಿದ.

"ಮನೆ ಮುಂದೆ ಇಂಥ ತೂತು ಇಟ್ಕೊಂಡು ನನಗೆ ಊಟ ಸೇರಲ್ಲ ಸಾರ್."

"ಬೇಡಪ್ಪ, ನಾನೇ ಏನಾದ್ರೂ—"

"ನೀವು ಗಾಜಿನವರು. ಸುಮ್ನೆ ಕೂತ್ಕೊಳ್ಳಿ."

ಕನ್ನಡಕದವರು ಕೂತರು. ಆದರೆ ಅವನ ಕೆಲಸ ನೋಡುವಂಥದ್ದೇ ಆಗಿತ್ತು. ತೂತಿನ ಮೇಲೆ ತಗಡಿಟ್ಟು ಅವನು ಹಾಕಿದ ಬೆಸುಗೆ ಇರುವೆ ಸಾಲು ಹೋದ ಹಾಗೆ ಒಂದೇ ಸಮ ಸುತ್ತಿಕೊಂಡಿತು. ಆಮೇಲೆ ಗಿಡ್ಡ ಕಾಲಿಗೆ ತುಂಡು ಸೇರಿಸಿದ. ಅದು ಉಳಿದ ಎರಡಕ್ಕಿಂತ ಉದ್ದವಾಯಿತು. ಉಳಿದೆರಡಕ್ಕೂ ಸೇರಿಸಿದ, ಮೊದಲನೆಯದು ಮತ್ತೆ ಗಿಡ್ಡವಾಯಿತು. ಹೀಗೆ ನ್ಯಾಯ ಹಂಚುತ್ತ ಹಂಚುತ್ತ ಗ್ರಿಲ್ ಕೊಕ್ಕರೆಯಂತೆ ಎತ್ತರಕ್ಕೆ ಬೆಳೆದು ಕನ್ನಡಕದವರ ಎದೆಮಟ್ಟಕ್ಕೆ ಬಂತು. ಕಡೆಗೂ ವಾಲದೆ ನಿಂತಿತು. ಮುಚ್ಚಳಕ್ಕೂ ನಾಲ್ಕು ಏಟು ಬಿದ್ದು ಅದು ಟೋಪಿಯ ಹಾಗೆ ಕೂತಿತು.

ಮೂರೂವರೆಗೆ ಕನ್ನಡಕದವರು ಇದ್ದಿಲು ತುಂಬಿ ಬೆಂಕಿ ಹಚ್ಚಿದರು. ಬೆಂಕಿ ಒಮ್ಮೆ ತಲೆಯೆತ್ತಿ, ಯಾರೂ ಪರಿಚಯದವರಿಲ್ಲವೆಂದು ಕಂಡು ಮಲಗಿತು. ರಟ್ಟಿನಿಂದ ಬೀಸಿದರು, ಊದಿದರು. ಬಂದದ್ದು ಹೊಗೆ. ಅದೂ ಸಾಮಾನ್ಯ ಹೊಗೆಯಲ್ಲ. ಮಹಡಿಯ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ಒಂದೊಂದಾಗಿ ಮಾತಾಡಿಸಿಕೊಂಡು ಹೋಗುವ ಹೊಗೆ.

ಮಹಡಿಯ ವಿಜ್ಞಾನದ ಟೀಚರು ಹೊದಿಕೆಯೊಂದನ್ನು ಸಾಕ್ಷಿಗೆಂದು ಹೆಗಲ ಮೇಲೆ ಹಾಕಿಕೊಂಡು ಕೆಮ್ಮುತ್ತ ಇಳಿದು ಬಂದರು.

"ಏನ್ರೀ ಇದು? ಬೆಳಿಗ್ಗೆ ಒಗೆದದ್ದು ನಾನು. ಮೂಸಿ ನೋಡಿ."

ಕನ್ನಡಕದವರು ವಿನಯದಿಂದ ಮೂಸಿದರು. "ತಪ್ಪಾಯ್ತು ಮೇಡಂ. ಹತ್ಕೊಳ್ತಾ ಇಲ್ಲ."

"ಹೇಗೆ ಹತ್ಕೊಳ್ಳುತ್ತೆ? ಬೆಂಕಿಗೆ ಗಾಳಿ ಕೆಳಗಿಂದ ಬರಬೇಕು. ಏಳನೇ ಕ್ಲಾಸಿನ ಪಾಠ." ಟೀಚರು ಬಗ್ಗಿ ನೋಡಿದರು. "ಗಾಳಿಕಿಂಡಿ ತುಕ್ಕು ಹಿಡಿದು ಮುಚ್ಚಿಹೋಗಿದೆ. ಗಾಳಿಗೆ ಬೇರೆ ದಾರಿ ಇರಲಿಲ್ವಾ?"

ಎಲ್ಲರೂ ವೆಲ್ಡಿಂಗಿನವನ ಕಡೆ ನೋಡಿದರು. ಅವನು ಇರುವೆ ಸಾಲಿನ ಕಡೆ ನೋಡಿದ.

"ಈಗ ಜ್ಞಾಪಕ ಬರ್ತಿದೆ," ಎಂದ ಮೆಲ್ಲಗೆ. "ಆ ತೂತಿನ ಅಂಚು ದುಂಡಗಿತ್ತು ಸಾರ್. ತುಕ್ಕು ತಿಂದಿದ್ರೆ ಹಾಗಿರಲ್ಲ. ಯಾರೋ ಕೊರೆದಿದ್ರು."

ಕಿಂಡಿ ಕೆಟ್ಟಿತೆಂದು ಒಲೆಯನ್ನು ಎಸೆಯದೆ, ಸರಿಯಾದ ಜಾಗದಲ್ಲಿ ಸರಿಯಾದ ಅಳತೆಗೆ ಕೊರೆದು ಅದಕ್ಕೆ ಇನ್ನೊಂದು ಮೂಗು ಕೊಟ್ಟಿದ್ದ ಆ ಗೊತ್ತಿಲ್ಲದ ಮನುಷ್ಯನ ಬಗ್ಗೆ ಕನ್ನಡಕದವರಿಗೆ ಎಂಥ ಗೌರವ ಬಂತೆಂದರೆ, ಎದುರಿಗಿದ್ದರೆ ಪುಕ್ಕಟೆ ಒಂದು ಕನ್ನಡಕ ಮಾಡಿಸಿಕೊಡುತ್ತಿದ್ದರು.

ಗಂಟೆ ನಾಲ್ಕು. ಇದ್ದಿಲನ್ನು ಬಾಂಡಲಿಗೆ ಸುರಿದು ಗ್ರಿಲ್ಲನ್ನು ಮತ್ತೆ ಮಗುಚಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ; ಇಲ್ಲಿ ಕುಂಬಾರನ ಕೈಗೇ ದೊಣ್ಣೆ ಕೊಟ್ಟಂತಾಗಿತ್ತು. ಆದರೂ ವೆಲ್ಡಿಂಗಿನವನು ದೊಡ್ಡ ಮನಸ್ಸು ಮಾಡಿದ. ತನ್ನ ಬೆಸುಗೆಗೆ ಒಂದು ಗೀರೂ ಬೀಳದಂತೆ ತಗಡಿನ ನಟ್ಟನಡುವೆ ತೂತು ಕೊರೆದ.

ಈ ಸಲ ಬೆಂಕಿ ಕೆಳಗಿನಿಂದ ಉಸಿರೆಳೆದುಕೊಂಡಿತು. ಹತ್ತೇ ನಿಮಿಷ, ಇದ್ದಿಲಿನ ಅಂಚಿಗೆಲ್ಲ ಕೆಂಪು ಹತ್ತಿತು. ಕನ್ನಡಕದವರು ಕಾಲಡಿಗೊಂದು ಮಣೆ ಹಾಕಿಕೊಂಡು ನಿಂತು, ಜಾಲರಿಯ ಮೇಲೆ ಜೋಳದ ತೆನೆ ಜೋಡಿಸಿದರು. ಇಕ್ಕಳದಿಂದ ಒಂದೊಂದನ್ನೇ ತಿರುಗಿಸುವಾಗ ಒಂದೆರಡು ಜಾರಿ ಉರುಳಿದವು, ಕಿಡಿ ಹಾರಿತು. ಆದರೆ ಒಂದೂ ಸೀಯಲಿಲ್ಲ. ಕೆಟ್ಟ ಕೈಯನ್ನೂ ಒಳ್ಳೆಯ ಕೈ ಮಾಡುವಂಥ ಶಾಖ ಅದು, ಸುತ್ತಲೂ ಒಂದೇ ಸಮ.

ಟೀಚರು ಹೊದಿಕೆಯನ್ನು ಮರೆತು ಎರಡು ತೆನೆ ತಿಂದರು. ಅತ್ತೆ ಕಾಳು ಬಿಡಿಸಿಕೊಂಡು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ "ನಾನು ಆಗ್ಲೇ ಹೇಳಿದ್ದೆ," ಎಂದು ನಾಲ್ಕು ಸಲ ಹೇಳಿದರು. ಹೆಂಡತಿ ಕಡೆಗೆ ಬಂದರು. ನಿಂತೇ ತಿಂದರು. ತಟ್ಟೆ ಮುಂದೆ ಚಾಚಿದರು.

"ಇನ್ನೊಂದು ಹಾಕಿ."

ಹದಿನೇಳು ವರ್ಷದ ಸಂಸಾರದಲ್ಲಿ ಕನ್ನಡಕದವರು ಕೇಳದ ಮಾತು ಅದು. ಅವರು ಇದ್ದುದರಲ್ಲಿ ಚೆಲುವಾದ ತೆನೆ ಆರಿಸಿ ಬಡಿಸಿದರು. ಕನ್ನಡಕಕ್ಕೆ ಹಬೆ ಕಟ್ಟಿತು. ಒರೆಸಿಕೊಳ್ಳಲಿಲ್ಲ.

ಐದಕ್ಕೆ ಸರಿಯಾಗಿ ಗೇಟಿನ ಹತ್ತಿರ ಗುಜರಿಯವನ ಗಾಡಿ ನಿಂತಿತು.

"ಪೇಪರ್ ಅಷ್ಟೇ ತಗೊಳ್ಳಿ," ಎಂದು ಹೆಂಡತಿ ಕೂಗಿ ಹೇಳಿದರು. "ಗ್ರಿಲ್ ಕೊಡಲ್ಲ."

ಕನ್ನಡಕದವರು ಮಣೆಯ ಮೇಲೆ ಇನ್ನಷ್ಟು ಎತ್ತರವಾದರು. "ಹಾಗಾದ್ರೆ ಮುಂದಿನ ಭಾನುವಾರ ನಾನು ಬದನೆಕಾಯಿ—"

"ನೀವಾ?" ಹೆಂಡತಿ ಇಕ್ಕಳವನ್ನು ಅವರ ಕೈಯಿಂದ ಮೃದುವಾಗಿ ಬಿಡಿಸಿಕೊಂಡರು. "ರೀ, ಬೆಳಿಗ್ಗೆ ಗುಜರಿ ಅನ್ಕೊಂಡು ನಿಮ್ಮ ಕೈಗೆ ಬಿಟ್ಟಿದ್ದೆ. ಇಷ್ಟು ಒಳ್ಳೇ ಒಲೆ ಅಂತ ಗೊತ್ತಾದ್ಮೇಲೂ ಬಿಡೋಕಾಗುತ್ತಾ? ಹಾಳು ಮಾಡಿಬಿಡ್ತೀರ." ಆಮೇಲೆ ವೆಲ್ಡಿಂಗಿನವನ ಕಡೆ ತಿರುಗಿದರು. "ಈ ಮೂರೂ ಕಾಲು ಒಂದೊಂದು ಗೇಣು ಕತ್ತರಿಸಿಕೊಡಿ. ನನ್ನ ಎತ್ತರಕ್ಕೆ ಬರಲಿ. ನಾಳೆ ಅಡುಗೆಮನೆ ಹಿಂದೆ ಇಡ್ತೀವಿ."

"ಅದೇ ಸರಿ," ಎಂದರು ಅತ್ತೆ. "ಅಳಿಯಂದ್ರು ಬೂದಿ ಎತ್ತಿ ಹಾಕ್ಲಿ."

ಕನ್ನಡಕದವರು ಮಣೆಯಿಂದ ಇಳಿದರು. ಹೆಂಡತಿಯ ಕೈಯಲ್ಲಿ ತೆನೆಗಳು ಜಾರದೆ, ಒಂದು ಕಿಡಿಯೂ ಹಾರದೆ ಪಟಪಟ ತಿರುಗುತ್ತಿದ್ದವು. ಎಷ್ಟು ಚೆನ್ನಾಗಿ ಮಾಡುತ್ತಾಳೆ ಎಂದು ಅವರಿಗೇ ಅನ್ನಿಸಿತು. ಸಿಟ್ಟು ಮಾಡಿಕೊಳ್ಳಲೂ ದಾರಿಯಿಲ್ಲದಂತಾಯಿತು. ಹಳೇ ಪೇಪರಿನ ಕಟ್ಟು ಎತ್ತಿಕೊಂಡು ಗೇಟಿಗೆ ನಡೆದರು.

ಗುಜರಿಯವನು ಕಟ್ಟನ್ನು ತೂಕಕ್ಕೆ ಹಾಕುತ್ತಿದ್ದಾಗ ಅವರು ಒಮ್ಮೆ ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ನಿಮಗೆ ಎಲ್ಲಾದ್ರೂ ಇನ್ನೊಂದು ಗ್ರಿಲ್ ಸಿಕ್ರೆ ನನಗೆ ತಂದ್ಕೊಡ್ತೀರಾ?"

"ಅದಕ್ಕೇನು ಸಾರ್. ಒಳ್ಳೇದೇ ನೋಡಿ ತರ್ತೀನಿ."

"ಬೇಡ, ಬೇಡ," ಎಂದರು ಕನ್ನಡಕದವರು. "ಒಳ್ಳೇದು ಮಾತ್ರ ತರಬೇಡಿ."