ಒಂಬತ್ತನೆಯ ಪ್ರಶ್ನೆ

ಮಂತ್ರಿಗಳ ಕಡತದಲ್ಲಿ ಒಂಬತ್ತನೆಯ ಪ್ರಶ್ನೆಗೆ ಉತ್ತರ ಇರಲಿಲ್ಲ.

ಉಳಿದವಕ್ಕೆಲ್ಲ ಇತ್ತು. ಸದನದಲ್ಲಿ ಶಾಸಕರು ಕೇಳುವ ಪ್ರಶ್ನೆಗಳಿಗೆ ಮಂತ್ರಿಗಳು ಎದ್ದು ನಿಂತು ಓದುವ ಉತ್ತರಗಳನ್ನು ಬರೆದು, ಟೈಪು ಮಾಡಿಸಿ, ನೀಲಿ ರಟ್ಟಿನ ಕಡತದಲ್ಲಿ ಪೋಣಿಸುವುದೇ ನೆರೆ ಪರಿಹಾರ ಇಲಾಖೆಯ ಈ ಗುಮಾಸ್ತನ ಕೆಲಸ. ಹೌದು ಎನ್ನಬೇಕಾದಲ್ಲಿ ‘ಪರಿಶೀಲಿಸಲಾಗುವುದು’ ಎಂದೂ, ಇಲ್ಲ ಎನ್ನಬೇಕಾದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದೂ ಬರೆಯುವಷ್ಟು ಅವನ ಕೈ ಪಳಗಿತ್ತು. ಆದರೆ ಒಂಬತ್ತನೆಯದು ಅವನ ಗಂಟಲಿಗೇ ಸಿಕ್ಕಿಕೊಂಡಿತ್ತು.

ಪ್ರಶ್ನೆ ಹೀಗಿತ್ತು: ನೆರೆಯೇ ಬಾರದ ಕಲ್ಲುಗುಡ್ಡದ ಮೇಲೆ ನೆರೆ ಪರಿಹಾರದ ದೋಣಿ ಗೋದಾಮು ಏಕಿದೆ? ಅಲ್ಲಿನ ಹನ್ನೆರಡು ದೋಣಿಗಳಿಂದ ಇದುವರೆಗೆ ಯಾರಿಗೆ ಉಪಯೋಗವಾಗಿದೆ?

ಯಾರಿಗೂ ಆಗಿಲ್ಲ. ಇದು ಗುಮಾಸ್ತನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷ ಅವನೇ ಆ ಗೋದಾಮಿನ ಉಸ್ತುವಾರಿಯಾಗಿದ್ದ. ನೆರೆ ಬಂದರೆ ದೋಣಿ ಕೊಚ್ಚಿಹೋಗಬಾರದು ಎಂದು ಯಾರೋ ದೊಡ್ಡವರು ಮುಂದಾಲೋಚನೆ ಮಾಡಿ, ರಾಜ್ಯದ ಗಡಿಯಲ್ಲಿದ್ದ ಅತಿ ಎತ್ತರದ ಜಾಗ ಹುಡುಕಿ ಕಟ್ಟಿಸಿದ್ದರು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಬಾರದ ದಿನ ಗುಮಾಸ್ತ ಒಣ ಬಾಯಲ್ಲಿ ದೋಣಿಯೊಳಗೆ ಮಲಗಿ ಆಕಾಶ ನೋಡುತ್ತಿದ್ದ. ಅವನು ಗುಡ್ಡಕ್ಕೆ ಹೋದಾಗ ಮಗಳಿಗೆ ಮಾತು ಬಂದಿರಲಿಲ್ಲ. ಮಾತು ಬಂದಮೇಲೆ, ಅಪರೂಪಕ್ಕೊಮ್ಮೆ ಚೀಲ ಹಿಡಿದು ಮನೆಗೆ ಬರುವ ಈ ಮನುಷ್ಯನನ್ನು ಅವಳು ‘ದೋಣಿ ಮಾಮ’ ಎಂದು ಕರೆದಳು. ಹೆಂಡತಿ ನಕ್ಕು ನಕ್ಕು ಆಮೇಲೆ ಅತ್ತಿದ್ದಳು. ವರ್ಗಾವಣೆಗಾಗಿ ಅಂಗಲಾಚಿ, ಕಾಲು ಹಿಡಿದು ರಾಜಧಾನಿಗೆ ಬಂದ ಮೇಲೂ ‘ಅಪ್ಪ’ ಅನ್ನಿಸಿಕೊಳ್ಳಲು ಅವನಿಗೆ ಒಂದು ವರ್ಷ ಹಿಡಿದಿತ್ತು.

ಉತ್ತರ ಬರೆಯಲು ಬೇಕಾದ ಗೋದಾಮಿನ ಕಡತ ಹೋದ ವಾರ ಮಂತ್ರಿಗಳ ಮನೆಗೆ ಹೋದದ್ದು ವಾಪಸು ಬಂದಿರಲಿಲ್ಲ.

“ಕಡತ ಬರದಿದ್ರೆ ಬಿಡ್ರೀ,” ಎಂದರು ಶಾಖಾಧಿಕಾರಿ, ಚಹಾದ ಲೋಟದೊಳಗೆ ಮುಖವಿಟ್ಟುಕೊಂಡು. “ಒಂಬತ್ತು ಎಲ್ಲಿ ಬರುತ್ತೆ? ಒಂದು ಗಂಟೆ ಪ್ರಶ್ನೋತ್ತರದಲ್ಲಿ ಏಳು ದಾಟಿದ್ದು ನನ್ನ ಸರ್ವೀಸಲ್ಲೇ ನೋಡಿಲ್ಲ. ಸರದಿ ಬರದ ಪ್ರಶ್ನೆ ಉತ್ತರಾನ ಯಾರೂ ಓದಲ್ಲ. ಮೇಜಿನ ಮೇಲೆ ಇಟ್ರೆ ಮುಗೀತು, ಅದೇ ಸರ್ಕಾರದ ಉತ್ತರ. ಮಾಮೂಲಿ ವಾಕ್ಯ ಹಾಕಿ.”

ಮಾಮೂಲಿ ವಾಕ್ಯವೆಂದರೆ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’.

“ಸರ್, ಇದೇ ಪ್ರಶ್ನೆಗೆ ಎರಡು ಸಲ ಇದನ್ನೇ ಹಾಕಿದೀವಿ. ಹೋದ ಸಲ ಅದನ್ನ ಓದಿದಾಗ ಸಭಾಧ್ಯಕ್ಷರು ಉಗಿದಿದ್ರಲ್ಲ. ಇನ್ನೊಂದು ಸಲ ಈ ವಾಕ್ಯ ಕಿವಿಗೆ ಬಿದ್ರೆ ಮಂತ್ರಿಗಳ ಮೇಲೇ ಹಕ್ಕುಚ್ಯುತಿ ಅಂತ.”

“ಕಿವಿಗೆ ಬಿದ್ರೆ ತಾನೆ?”

“ಅಕಸ್ಮಾತ್ ಬಿದ್ರೆ?”

ಶಾಖಾಧಿಕಾರಿ ಲೋಟ ಕೆಳಗಿಟ್ಟರು. “ಬಿದ್ರೆ ನೀವು ಗುಡ್ಡ ಹತ್ತಿ. ಅಲ್ಲಿದ್ದೋರು ರಿಟೈರ್ ಆಗಿ ಜಾಗ ಖಾಲಿ ಬಿದ್ದಿದೆ. ಮಂತ್ರಿಗಳು ಯಾರನ್ನ ಕಳಿಸೋಣ ಅಂತ ಹೋದ ತಿಂಗಳೇ ಕೇಳಿದ್ರು. ನಾನು ನಿಮ್ಮ ಹೆಸರು ನುಂಗಿಕೊಂಡು ಕೂತಿದೀನಿ. ಎಷ್ಟು ದಿನ ನುಂಗಲಿ?”

ಪಕ್ಕದಲ್ಲೇ ಕಟಕಟ ಮಾಡುತ್ತಿದ್ದ ಟೈಪಿಸ್ಟಕ್ಕ ಕೈ ನಿಲ್ಲಿಸಿದಳು. ಯಾರ ಮನೆ ಹೊಗೆಯಾಡಿದರೂ ಊದುಗೊಳವೆ ಹಿಡಿದು ಹೋಗುವ ಹೆಂಗಸು ಅವಳು. “ಕೇಳಿದ್ರಾ ತಮ್ಮಾ? ಇವತ್ತು ಪತ್ರಿಕೆಯವರು ಹಿಂಡು ಹಿಂಡಾಗಿ ಬಂದಿದಾರಂತೆ. ಕ್ಯಾಮೆರಾನೂ ತಂದಿದಾರಂತೆ. ಎಲ್ಲಾ ಒಂಬತ್ತನೇದಕ್ಕೇ ಅಂತ ಕ್ಯಾಂಟೀನಲ್ಲಿ ಮಾತು. ಪಾಪ, ನಿಮ್ಮ ಮಗಳು ಈಗ ತಾನೇ ಅಪ್ಪ ಅನ್ನೋಕೆ ಶುರು ಮಾಡಿದ್ಲು.”

ಬೇರೆ ದಾರಿ ಕಾಣದೆ ಗುಮಾಸ್ತ ಅದೇ ಮಾಮೂಲಿ ವಾಕ್ಯ ಟೈಪು ಮಾಡಿಸಿ ನೀಲಿ ಕಡತಕ್ಕೆ ಪೋಣಿಸಿದ.

ಸದನದಲ್ಲಿ ಮಂತ್ರಿಗಳ ಸಾಲಿನ ಹಿಂದೆ ಮರದ ಕಟಕಟೆಯೊಳಗೆ ಅಧಿಕಾರಿಗಳ ಜಾಗ. ಮಂತ್ರಿಗಳು ತಡವರಿಸಿ ಹಿಂದೆ ತಿರುಗಿದರೆ ಅಲ್ಲಿಂದ ಚೀಟಿ ಹೋಗಬೇಕು. ಚೀಟಿ ಒಯ್ಯಲು ಒಬ್ಬ ಮುದಿ ಜವಾನನಿದ್ದ. ನಡೆದರೆ ನೆಲಕ್ಕೂ ಗೊತ್ತಾಗುತ್ತಿರಲಿಲ್ಲ. ಎಲ್ಲರೂ ಅವನನ್ನು ಚೀಟಿ ಮಾವ ಎನ್ನುತ್ತಿದ್ದರು.

ಶಾಖಾಧಿಕಾರಿಯ ಪಕ್ಕ ಗುಮಾಸ್ತ ಕೂತು ನೋಡಿದರೆ, ಮಂತ್ರಿಗಳು ಹೊಸ ಕೋಟು ಹಾಕಿದ್ದಾರೆ, ತಲೆಗೂದಲಿಗೆ ಬಣ್ಣ ಬಿದ್ದಿದೆ. ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಅವರ ಹೆಂಡತಿ, ಅತ್ತೆ, ಮಕ್ಕಳು ಸಾಲಾಗಿ ಕೂತಿದ್ದಾರೆ. ಸಂಸಾರದ ಎದುರೇ ಮರ್ಯಾದೆ ಹೋಗುವುದಲ್ಲ ಎಂದು ಗುಮಾಸ್ತನಿಗೆ ಮರುಕವಾಯಿತು.

ಮೊದಲ ಮೂರು ಪ್ರಶ್ನೆಗಳು ಬೇರೆ ಮಂತ್ರಿಗಳವು. ರಸ್ತೆ ಗುಂಡಿಯ ಮೇಲೆ ಒಬ್ಬ ಶಾಸಕ ಎಷ್ಟು ಹೊತ್ತು ಕೂಗಾಡಿದನೆಂದರೆ ಅಷ್ಟರಲ್ಲಿ ಆ ಗುಂಡಿ ಮುಚ್ಚಬಹುದಿತ್ತು. ಇದೇ ಲೆಕ್ಕದಲ್ಲಿ ಸಾಗಿದರೆ ಏಳನ್ನೂ ಮುಟ್ಟುವುದಿಲ್ಲ. ಗುಮಾಸ್ತ ಸಡಿಲಾಗಿ ಒರಗಿ ಕೂತ.

“ಪ್ರಶ್ನೆ ಸಂಖ್ಯೆ ನಾಲ್ಕು,” ಎಂದರು ಸಭಾಧ್ಯಕ್ಷರು. ಯಾರೂ ಏಳಲಿಲ್ಲ. ಕೇಳಿದ ಶಾಸಕ ಬಂದಿರಲಿಲ್ಲ. “ಐದು.” ಅವನೂ ಇಲ್ಲ. ಇಬ್ಬರೂ ಒಂದೇ ಕಾರಿನಲ್ಲಿ ಹೊರಟು, ಕಾರು ದಾರಿಯಲ್ಲಿ ಕೆಟ್ಟು ನಿಂತಿತ್ತು. ಆರನೆಯದನ್ನು ಕೇಳಬೇಕಾದವನು ಸಿಟ್ಟಿನಿಂದ ಸಭಾತ್ಯಾಗ ಮಾಡಿ ಹೋಗಿದ್ದ. ಯಾವುದರ ಮೇಲೆ ಸಿಟ್ಟು ಎಂಬುದು ಅವನ ಪಕ್ಷದವರಿಗೂ ಗೊತ್ತಿರಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಏಳು ಬಂದು ನಿಂತಿತು. ಗೋಡೆ ಗಡಿಯಾರದಲ್ಲಿ ಇನ್ನೂ ಅರ್ಧ ಗಂಟೆ ಉಳಿದಿತ್ತು.

ಅದೇ ಹೊತ್ತಿಗೆ ಮಂತ್ರಿಗಳು ಹಿಂದೆ ತಿರುಗಿ ಒಂದು ಚೀಟಿ ಕಳಿಸಿದರು. ಚೀಟಿ ಮಾವ ತಂದು ಗುಮಾಸ್ತನ ಕೈಗಿಟ್ಟ. ‘ಒಂಬತ್ತು ಬರುತ್ತದೆಯೆ?’ ಎಂದಷ್ಟೇ ಇತ್ತು. ಕೆಳಗೆ ಎರಡು ಗೆರೆ ಎಳೆದಿದ್ದರು.

ಪಾಪ, ಎಷ್ಟು ಹೆದರಿದ್ದಾರೆ! ಗುಮಾಸ್ತ ದುಂಡಗೆ ಬರೆದ: ‘ಬರುವುದಿಲ್ಲ. ತಾವು ನಿಶ್ಚಿಂತೆಯಿಂದಿರಬೇಕು. ನಾನಿದ್ದೇನೆ.’

ಓದಿದ ಮಂತ್ರಿಗಳ ಮುಖ ಸುಟ್ಟ ಬದನೆಕಾಯಿಯಾಯಿತು. ಗಡಿಯಾರ ನೋಡಿದರು, ಮೇಲೆ ಕೂತ ಹೆಂಡತಿಯನ್ನು ನೋಡಿದರು, ಕೋಟಿನ ಒಳಜೇಬು ಮುಟ್ಟಿಕೊಂಡರು. ಎದೆನೋವೇ ಇರಬೇಕು ಎಂದುಕೊಂಡ ಗುಮಾಸ್ತ.

ಏಳನೆಯದು ಹತ್ತು ನಿಮಿಷ ನುಂಗಿತು. ಎಂಟು ಇವರದೇ ಇಲಾಖೆಯದು. ನದಿ ದಂಡೆಯ ಊರುಗಳಲ್ಲಿ ನೆರೆ ಎಚ್ಚರಿಕೆಯ ಸೈರನ್ನುಗಳು ಕೆಟ್ಟು ನಿಂತಿವೆಯೇ, ರಿಪೇರಿ ಮಾಡುತ್ತೀರಾ ಎಂಬುದು ಪ್ರಶ್ನೆ. ಗುಮಾಸ್ತ ಇದಕ್ಕೆ ಆರು ಪುಟ ಉತ್ತರ ಬರೆದಿದ್ದ. ಸೈರನ್ನಿನ ಚರಿತ್ರೆಯಿಂದಲೇ ಶುರು ಮಾಡಿದ್ದ. ನಿಧಾನಕ್ಕೆ ಓದಿದರೆ ಗಂಟೆ ಮುಗಿದೇ ಹೋಗುತ್ತದೆ.

ಮಂತ್ರಿಗಳು ಎದ್ದರು. ಕಡತ ತೆರೆಯಲೇ ಇಲ್ಲ.

“ಹೌದು, ಕೆಟ್ಟಿವೆ. ಮಾಡ್ತೀವಿ,” ಎಂದು ಕೂತರು.

ಸದನ ದಂಗಾಯಿತು. ಪ್ರಶ್ನೆ ಕೇಳಿದ ಶಾಸಕಿಯೇ ತಬ್ಬಿಬ್ಬಾದರು. “ಅಲ್ಲ ಸ್ವಾಮಿ, ಎಲ್ಲಾ ಊರಲ್ಲೂ ಮಾಡ್ತೀರಾ?”

“ಎಲ್ಲಾ ಊರಲ್ಲೂ.”

“ಈ ವರ್ಷವೇ?”

“ಈ ವರ್ಷವೇ.”

ಶಾಸಕಿಗೆ ಕೇಳಲು ಏನೂ ಉಳಿಯಲಿಲ್ಲ. ಬಾಗಿಲು ಒದೆಯಲು ಕಾಲೆತ್ತಿದಾಗ ಒಳಗಿನಿಂದ ಯಾರೋ ತೆರೆದುಬಿಟ್ಟಂತೆ ಮುಗ್ಗರಿಸಿ ಕೂತರು. ಮಂತ್ರಿಗಳಿಗೆ ಹೆದರಿಕೆಯಿಂದ ಬುದ್ಧಿ ಪಲ್ಲಟವಾಗಿದೆ ಎಂಬುದರಲ್ಲಿ ಗುಮಾಸ್ತನಿಗೆ ಈಗ ಅನುಮಾನ ಉಳಿಯಲಿಲ್ಲ. ಆಚೆ ಸಾಲಿನಲ್ಲಿ ಒಂಬತ್ತನೆಯ ಪ್ರಶ್ನೆ ಕೇಳಬೇಕಿದ್ದ ಮೀಸೆ ಶಾಸಕ ಗಂಟಲು ಸರಿ ಮಾಡಿಕೊಂಡು ಅರ್ಧ ಎದ್ದೇ ನಿಂತಿದ್ದ. ಕ್ಯಾಮೆರಾದವರು ಕತ್ತು ಚಾಚಿದರು. ಉಳಿದದ್ದು ಹದಿನೈದು ನಿಮಿಷ.

“ಬಂತಲ್ರೀ,” ಎಂದು ಶಾಖಾಧಿಕಾರಿ ಪಿಸುಗುಟ್ಟಿದರು. ಅವರ ಕುರ್ಚಿ ಗುಮಾಸ್ತನ ಕುರ್ಚಿಯಿಂದ ಒಂದು ಗೇಣು ಆಚೆ ಸರಿಯಿತು. “ಆ ವಾಕ್ಯ ನಾನು ಹೇಳಿದ್ದು ಅಂತ ಎಲ್ಲೂ ಬಾಯಿ ಬಿಡಬೇಡಿ.”

ಗುಮಾಸ್ತನ ಕಣ್ಣು ಸದನವನ್ನೆಲ್ಲ ತಡಕಾಡಿ ಕೊನೆಯ ಸಾಲಿನ ಮೂಲೆಯಲ್ಲಿ ನಿಂತಿತು. ಅಲ್ಲಿ ಸೈರನ್ ಅಜ್ಜ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಸದನದ ಅತ್ಯಂತ ಹಿರಿಯ ಸದಸ್ಯರು. ತಮ್ಮ ಊರಿಗೆ ಮೊದಲ ಸೈರನ್ ಹಾಕಿಸಿದ್ದು ತಾವೇ ಎಂಬುದನ್ನು ಬಿಟ್ಟರೆ ಅವರಿಗೆ ಬದುಕಿನಲ್ಲಿ ಬೇರೆ ವಿಷಯವಿರಲಿಲ್ಲ. ಆ ಕತೆ ಶುರುವಾದರೆ ನಿಲ್ಲಿಸುವ ಗುಂಡಿ ಯಾರಿಗೂ ಸಿಕ್ಕಿರಲಿಲ್ಲ.

ಅಧಿಕಾರಿಗಳು ಮಂತ್ರಿಗಳಿಗೆ ಬಿಟ್ಟು ಬೇರೆ ಸದಸ್ಯರಿಗೆ ಚೀಟಿ ಕಳಿಸುವಂತಿಲ್ಲ. ಆದರೂ ಗುಮಾಸ್ತ ಬರೆದ: ‘ಸೈರನ್ ವಿಷಯ ಚರ್ಚೆಗೆ ಬಂದಿದೆ. ನಿಮ್ಮ ಊರಿನ ಮೊದಲ ಸೈರನ್ ಹಾಕಿಸಿದ್ದು ನೀವಲ್ಲ ಎಂದು ಕೆಲವರು ಹೇಳುತ್ತಿದ್ದಾರೆ.’

“ಮಾವ, ಇದನ್ನ ಅಜ್ಜನಿಗೆ ಕೊಡು.”

“ಮಂತ್ರಿಗಳಿಗಲ್ವಾ?”

“ಅಜ್ಜನಿಗೆ. ನಿನ್ನ ಕಾಲಿಗೆ ಬೀಳ್ತೀನಿ, ಬೇಗ.”

“ನನ್ನ ಕಾಲಿಗೆ ಬಿದ್ರೆ ನಾನು ಬೇಗ ನಡೆಯೋದು ಹೇಗಪ್ಪ?” ಎಂದ ಚೀಟಿ ಮಾವ, ಹೊರಟ.

“ಪ್ರಶ್ನೆ ಸಂಖ್ಯೆ...” ಎಂದರು ಸಭಾಧ್ಯಕ್ಷರು.

“ಅಧ್ಯಕ್ಷರೇ!”

ಕಿಟಕಿ ಗಾಜು ಅದುರಿತು. ಸೈರನ್ ಅಜ್ಜ ಎದ್ದು ನಿಂತಿದ್ದರು. “ಯಾವನ್ರೀ ಅವನು, ನಾನಲ್ಲ ಅಂದವನು? ಆ ಸೈರನ್ನ ನಾನು ಎತ್ತಿನ ಗಾಡೀಲಿ ತಂದೆ! ಹೆಂಡ್ತಿ ಹೆರಿಗೆ ಇತ್ತು, ಅದನ್ನೂ ಬಿಟ್ಟು ತಂದೆ!”

“ಮಾನ್ಯರೇ, ಯಾರೂ ಹಾಗಂದಿಲ್ಲ. ಉಪಪ್ರಶ್ನೆ ಇದ್ದರೆ ಕೇಳಿ.”

“ಇದೆ. ಮಂತ್ರಿಗಳಿಗೆ ನಮ್ಮೂರಿನ ಸೈರನ್ ಹೇಗೆ ಕೂಗ್ತಿತ್ತು ಅಂತ ಗೊತ್ತಾ?”

ಮಂತ್ರಿಗಳು ಕೈಮುಗಿದರು. “ಗೊತ್ತು ಗೊತ್ತು, ಒಪ್ಪಿದೆ. ದಯವಿಟ್ಟು ಮುಂದಿನ ಪ್ರಶ್ನೆ...”

“ಗೊತ್ತಿಲ್ಲ ನಿಮಗೆ. ಕೇಳಿ.”

ಅಜ್ಜ ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದರು. ಆ ಬಡಕಲು ಎದೆಯೊಳಗೆ ಅಷ್ಟು ಗಾಳಿ ಎಲ್ಲಿತ್ತೋ. ಮೊದಲು ಸಣ್ಣಗೆ, ಆಮೇಲೆ ಏರುತ್ತ, ಏರುತ್ತ, ಚಾವಣಿ ಮುಟ್ಟಿ, ಇಳಿಯಲು ಮರೆತು ಅಲ್ಲೇ ನಿಂತಿತು. ಹೊರಗೆ ಕಾವಲಿದ್ದ ಮಾರ್ಷಲ್‌ಗಳು ಬೆಂಕಿಯೇ ಬಿತ್ತೆಂದು ನಾಲ್ಕೂ ಬಾಗಿಲು ತೆರೆದು ಒಳನುಗ್ಗಿದರು. ಯಾರೋ “ಹೊರಗೆ, ಹೊರಗೆ!” ಎಂದರು. ಮಂತ್ರಿಗಳ ಅತ್ತೆ ಮೇಲಿನಿಂದ ಓಡಿದರು. ಪತ್ರಿಕೆಯವರು ಬರೆದೇ ಬರೆದರು. ಎಲ್ಲರನ್ನೂ ಮತ್ತೆ ಕೂರಿಸಿ, ಅಜ್ಜನಿಗೆ ನೀರು ಕುಡಿಸಿ, ಮೊದಲ ಸೈರನ್ ಅವರದೇ ಎಂದು ಸದನದ ನಡಾವಳಿಯಲ್ಲಿ ಬರೆಸುವ ಹೊತ್ತಿಗೆ ಗಂಟೆ ಹೊಡೆಯಿತು.

“ಪ್ರಶ್ನೋತ್ತರ ಮುಗಿಯಿತು,” ಎಂದರು ಸಭಾಧ್ಯಕ್ಷರು. “ಉಳಿದ ಪ್ರಶ್ನೆಗಳ ಉತ್ತರಗಳನ್ನು ಮೇಜಿನ ಮೇಲಿಟ್ಟಂತೆ ಭಾವಿಸಲಾಗಿದೆ.”

ಗುಮಾಸ್ತನಿಗೆ ಕಟಕಟೆ ಹಾರಿ ಕುಣಿಯಬೇಕೆನ್ನಿಸಿತು. ಸಂಜೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತುವುದೆಂದು ಅಲ್ಲೇ ನಿಶ್ಚಯಿಸಿಕೊಂಡ.

ಪಡಸಾಲೆಯಲ್ಲಿ ಮಂತ್ರಿಗಳು ಎದುರಾದರು. ಮೀಸೆ ಶಾಸಕ ಅವರ ಪಕ್ಕದಲ್ಲಿದ್ದ. ಶಾಖಾಧಿಕಾರಿ, ಚೀಟಿ ಮಾವ, ಎಲ್ಲಿಂದಲೋ ಓಡಿಬಂದ ಟೈಪಿಸ್ಟಕ್ಕ ಸುತ್ತ ನಿಂತಿದ್ದರು.

“ಆ ಮುದುಕನನ್ನ ಎಬ್ಬಿಸಿದ್ದು ಯಾರು?” ಮಂತ್ರಿಗಳ ದನಿ ತಣ್ಣಗಿತ್ತು.

ಶಾಖಾಧಿಕಾರಿ ಬಾಯಿ ತೆರೆಯುವುದರೊಳಗೆ ಗುಮಾಸ್ತ ಎದೆಯುಬ್ಬಿಸಿ ಮುಂದೆ ಬಂದ. ಹೊಗಳಿಕೆಯನ್ನು ಇವರು ಹೊಡೆದುಕೊಳ್ಳಬಾರದು ನೋಡಿ.

“ನಾನೇ ಸರ್. ಒಂಬತ್ತನೇದನ್ನ ತಪ್ಪಿಸಬೇಕಿತ್ತಲ್ಲ.”

ಮಂತ್ರಿಗಳು ಕೋಟಿನ ಒಳಜೇಬಿನಿಂದ ಮಡಿಸಿದ ಹಾಳೆ ತೆಗೆದು ಅವನ ಕೈಗಿತ್ತರು. ಒಂಬತ್ತನೆಯ ಪ್ರಶ್ನೆಯ ಉತ್ತರ, ಮಂತ್ರಿಗಳ ಸ್ವಂತ ಕೈಬರಹದಲ್ಲಿ: ‘ಗುಡ್ಡದ ಗೋದಾಮನ್ನು ಇಂದಿನಿಂದಲೇ ಮುಚ್ಚಲಾಗಿದೆ. ದೋಣಿಗಳನ್ನು ನದಿ ದಂಡೆಗೆ ಸಾಗಿಸಲಾಗುವುದು. ಅಲ್ಲಿಗೆ ಇನ್ನು ಯಾವ ನೌಕರನನ್ನೂ ಕಳಿಸುವುದಿಲ್ಲ.’

“ಒಂದು ವಾರ ಮನೇಲಿ ಕನ್ನಡಿ ಮುಂದೆ ನಿಂತು ಓದಿ ಕಲಿತಿದ್ದೆ ಕಣಯ್ಯಾ,” ಎಂದರು ಮಂತ್ರಿಗಳು. “ಪತ್ರಿಕೆಯವರನ್ನ ಕರೆಸಿದ್ದು ನಾನು. ಈ ಸಲ ಈ ಪ್ರಶ್ನೆ ಕೇಳಿಸಿದ್ದೂ ನಾನು. ಇವನು ನನ್ನ ಹೆಂಡ್ತಿ ತಮ್ಮ.”

ಮೀಸೆ ಶಾಸಕ ಹೌದೆಂದು ತಲೆ ಆಡಿಸಿದ.

“ಈಗಲೂ ಮುಚ್ಚಬಹುದಲ್ವಾ ಸರ್?” ಗುಮಾಸ್ತ ಹಾಳೆಯನ್ನು ಅವರತ್ತಲೇ ಚಾಚಿದ.

ಶಾಖಾಧಿಕಾರಿ ಗಂಟಲು ಸರಿಮಾಡಿಕೊಂಡರು. “ಹೇಗ್ರೀ ಮುಚ್ಚೋದು? ಮಾಹಿತಿ ಸಂಗ್ರಹಿಸ್ತಿದೀವಿ ಅಂತ ಈಗ ತಾನೇ ಸದನಕ್ಕೆ ಲಿಖಿತ ಉತ್ತರ ಹೋಯ್ತಲ್ಲ, ನೀವು ಬರೆದದ್ದು. ಅದೇ ಸರ್ಕಾರದ ಮಾತು. ಸಂಗ್ರಹಿಸದೆ ಮುಚ್ಚಿದ್ರೆ ಅದೂ ಹಕ್ಕುಚ್ಯುತಿ. ಇವತ್ತು ಅಧಿವೇಶನದ ಕೊನೇ ದಿನ ಬೇರೆ.”

“ಹಾಗಾದ್ರೆ ಸಂಗ್ರಹಿಸಬೇಕು,” ಎಂದರು ಮಂತ್ರಿಗಳು. “ಯಾರಾದ್ರೂ ಹೋಗಿ ಅಲ್ಲೇ ಇದ್ದು ಸಂಗ್ರಹಿಸಬೇಕು. ಜಾಗ ಗೊತ್ತಿರೋರು ಯಾರಿದಾರೆ?”

ಶಾಖಾಧಿಕಾರಿ ಇಷ್ಟು ದಿನ ನುಂಗಿಕೊಂಡಿದ್ದ ಹೆಸರನ್ನು ಹೊರಗೆ ತೆಗೆದರು.

“ಟ್ಯಾಂಕರ್ ಬರುತ್ತಲ್ಲ ತಮ್ಮಾ, ನೀರಿಗೇನು ಭಯ?” ಎಂದು ಟೈಪಿಸ್ಟಕ್ಕ ಸಮಾಧಾನ ಹೇಳಿದಳು. ಅವನ ಕಿಟಕಿ ಪಕ್ಕದ ಕುರ್ಚಿಯ ಮೇಲೆ ಅವಳಿಗೆ ಬಹಳ ದಿನದಿಂದ ಕಣ್ಣಿತ್ತು.

ಮುಂದಿನ ವಾರ ಗುಮಾಸ್ತ ಗುಡ್ಡ ಹತ್ತಿ, ತುಕ್ಕು ಹಿಡಿದ ಬೀಗ ತೆರೆದು, ಮನೆಗೆ ಫೋನು ಮಾಡಿದ. ಮಗಳೇ ಎತ್ತಿಕೊಂಡಳು. ಅವನ ದನಿ ಕೇಳಿ ಒಳಗೆ ಕೂಗಿದಳು: “ಅಮ್ಮಾ, ದೋಣಿ ಮಾಮ!”

ಫೋನಿಟ್ಟು ಅವನು ಮಾಹಿತಿ ಸಂಗ್ರಹಿಸಲು ತೊಡಗಿದ. ದೋಣಿಗಳನ್ನು ಎಣಿಸಿದ. ಅನುಮಾನ ಬಂದು ಮತ್ತೊಮ್ಮೆ ಎಣಿಸಿದ. ಹನ್ನೆರಡರಲ್ಲಿ ಹನ್ನೊಂದೇ ಇದ್ದವು. ಸುತ್ತ ಕಣ್ಣು ಹರಿಯುವಷ್ಟು ದೂರಕ್ಕೂ ಒಂದು ಹನಿ ನೀರಿರಲಿಲ್ಲ.

ಒಟ್ಟು ಕಳೆದದ್ದು: ಕುರ್ಚಿ ಒಂದು, ಅಪ್ಪ ಒಬ್ಬ, ದೋಣಿ ಒಂದು.